ಬಚ್ಚಲ ಒಲೆಗೆ ಹಾಕಿದ ಕಾಗದ

ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದವನು ನಾನೊಬ್ಬನೇ. ಆ ಕಾಗದವನ್ನು ಹರಿದು ಹಾಕಿದವನೂ ನಾನೇ. ಇಂಗ್ಲಿಷ್ ಬಾರದವರ ಕೈಗೆ ಸಿಕ್ಕಿದ್ದರೆ ಅದು ಓದಿ ಹೇಳುವವರನ್ನು ಹುಡುಕುತ್ತ ಇನ್ನೂ ನಾಲ್ಕು ದಿನವಾದರೂ ಬಾಳುತ್ತಿತ್ತು. ನಿನ್ನ ವಿದ್ಯೆಯಿಂದ ಮನೆತನಕ್ಕೆ ಏನಾದರೂ ಆಗಬೇಕು ಎಂದು ಅಪ್ಪ ಯಾವಾಗಲೂ ಹೇಳುತ್ತಿದ್ದರು. ಆದದ್ದು ಇದು.

ಇಂಗ್ಲಿಷರ ಕಾಲ, ಹತ್ತಿಯ ಧಾರಣೆ ನೆಲ ಕಚ್ಚಿದ್ದ ವರ್ಷಗಳು. ನಾನು ಧಾರವಾಡದ ಕಾಲೇಜಿನಲ್ಲಿ ಇಂಟರ್ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಬಿದ್ದು, ಹುಬ್ಬಳ್ಳಿಗೆ ಮರಳಿ ಹತ್ತಿ ದಲಾಲರೊಬ್ಬರ ಅಂಗಡಿಯಲ್ಲಿ ಇಂಗ್ಲಿಷ್ ಪತ್ರ ಬರೆಯುವ ಕೆಲಸಕ್ಕೆ ಸೇರಿದ್ದೆ. ಕಾಲೇಜಿನಿಂದ ನಾನು ತಂದದ್ದು ಮೂಗಿನ ತುದಿಯ ಸಿಟ್ಟು ಮತ್ತು ಒಂದು ಫೌಂಟನ್ ಪೆನ್ನು. ಪೆನ್ನು ಬಹುಮಾನದ್ದು. ಮೂಢನಂಬಿಕೆಯ ಮೇಲೆ ಚರ್ಚಾಸ್ಪರ್ಧೆ ಇತ್ತು. ಬೆಕ್ಕು ಅಡ್ಡ ಬಂದರೆ ನಿಲ್ಲುವವರನ್ನೂ ಹಲ್ಲಿ ಲೊಚಗುಟ್ಟಿದರೆ ಕೂಡುವವರನ್ನೂ ನಾನು ಅರ್ಧ ತಾಸು ಝಾಡಿಸಿದೆ. ಅಧ್ಯಕ್ಷರು ಮೆಚ್ಚಿ ತಲೆಯಾಡಿಸಿದರು. ಅವರ ಹಣೆಯ ಮೇಲೆ ದೃಷ್ಟಿ ತೆಗೆದ ಮಸಿ ಇನ್ನೂ ಇತ್ತು ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಊರಿನ ಜಿನ್ನಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ನೋಡಿಕೊಳ್ಳುತ್ತಿದ್ದರು. ಆಫ್ರಿಕಾದಲ್ಲಿಯೂ ಹತ್ತಿ ಬೆಳೆಯುತ್ತಾರೆ, ಅಲ್ಲಿಯೂ ಜಿನ್ನು ಹಾಕಿದ್ದೇನೆ ಎಂದು ಒಬ್ಬ ಗುಜರಾತಿ ಶೇಟ ಅವರನ್ನು ಮೊಂಬಾಸಾದ ಆಚೆ ಎಲ್ಲಿಗೋ ಕರೆದುಕೊಂಡು ಹೋದ. ಮೂರು ವರ್ಷಕ್ಕೆ ಬರುತ್ತೇನೆ ಎಂದು ಹೋದವರು ಏಳು ವರ್ಷವಾದರೂ ಬಂದಿರಲಿಲ್ಲ. ಹಣ ಬರುತ್ತಿತ್ತು, ಕಾಗದ ಬರುತ್ತಿತ್ತು. ಕಾಗದ ಯಾವಾಗಲೂ ಅಪ್ಪನ ಹೆಸರಿಗೆ. ‘ತೀರ್ಥರೂಪ ಅಣ್ಣನವರ ಪಾದಗಳಿಗೆ ನಮಸ್ಕಾರ’ ಎಂದು ಶುರುವಾಗಿ, ಜೋಳದ ಧಾರಣೆ, ಹಿತ್ತಲ ಗೋಡೆ, ಎಮ್ಮೆ ಎಲ್ಲವನ್ನೂ ವಿಚಾರಿಸಿ, ‘ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ’ ಎಂದು ಮುಗಿಯುತ್ತಿತ್ತು. ಅಪ್ಪ ಪಡಸಾಲೆಯಲ್ಲಿ ಕೂತು ಅದನ್ನು ಎಲ್ಲರಿಗೂ ಕೇಳುವಂತೆ ಓದಿಸುತ್ತಿದ್ದರು. ಕಾಕಾನ ಹೆಂಡತಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಆಕೆ ಹಿರಿಯರಲ್ಲಿಯೂ ಬರುತ್ತಿರಲಿಲ್ಲ, ಕಿರಿಯರಲ್ಲಿಯೂ ಬರುತ್ತಿರಲಿಲ್ಲ. ಕೂಡಿದ ಮನೆಯಲ್ಲಿ ಗಂಡ ಹೆಂಡತಿಗೆ ಬೇರೆ ಕಾಗದ ಬರೆಯುವುದೆಂದರೆ ನಾಚಿಕೆಗೇಡು. ಎಮ್ಮೆ ಈದಿತೇ ಎಂದು ಕೇಳುವವನು ಸಭ್ಯ, ಹೆಂಡತಿ ಹೇಗಿದ್ದಾಳೆ ಎಂದು ಕೇಳುವವನು ಬಾಯಿಚಪಲದವನು.

ಆಕೆ ನನಗೆ ಚಿಗವ್ವ. ನನಗಿಂತ ಆರೇ ವರ್ಷ ದೊಡ್ಡವಳು. ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಆರನೇ ಇಯತ್ತೆಯವರೆಗೆ ಓದಿ, ಹದಿನೈದಕ್ಕೆ ನಮ್ಮ ಮನೆಗೆ ಬಂದವಳು. ಮಕ್ಕಳಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಆಕೆ ‘ಸಣ್ಣಾಕಿ’. ಓದಿ ಮುಗಿದ ಕಾಗದವನ್ನು ಅಪ್ಪ ಗೋಡೆಯ ತಂತಿಗೆ ಚುಚ್ಚುತ್ತಿದ್ದರು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಚಿಗವ್ವ ಅದನ್ನು ತೆಗೆದು ಮತ್ತೊಮ್ಮೆ ಮೊದಲಿನಿಂದ ಓದುವುದನ್ನು ನಾನು ಒಂದು ದಿನ ಕಂಡೆ.

“ಏನ ಹುಡಕಾಕತ್ತೀ ಚಿಗವ್ವಾ?” ಎಂದೆ.

“ಎಮ್ಮಿ ಸುದ್ದಿ,” ಎಂದಳು.

ಆಕೆ ಹುಡುಕುತ್ತಿದ್ದದ್ದು ತನ್ನ ಸುದ್ದಿ ಎಂದು ತಿಳಿಯದಷ್ಟು ದಡ್ಡ ನಾನಾಗಿರಲಿಲ್ಲ. ಆದರೆ ತಿಳಿದು ಮಾಡುವುದೇನು ಎಂದು ಸುಮ್ಮನಾದೆ.

ಇನ್ನು ಸಾವಿನ ಕಾಗದದ ಪದ್ಧತಿ. ಇದನ್ನು ಈಗಿನವರಿಗೆ ಬಿಡಿಸಿ ಹೇಳಬೇಕಾಗಿದೆ. ಯಾರಾದರೂ ತೀರಿಕೊಂಡ ಸುದ್ದಿಯ ಕಾಗದ ಬಂದರೆ ಅದು ಹೊಸ್ತಿಲು ದಾಟಬಾರದು. ಹೊರಗೆ ನಿಂತು ಓದಬೇಕು, ಓದಿದ ಕೂಡಲೇ ಹರಿಯಬೇಕು, ಹರಿದವರು ಸ್ನಾನ ಮಾಡಬೇಕು. ಇಟ್ಟುಕೊಂಡರೆ ಅದು ತನಗೊಂದು ಜೊತೆ ಹುಡುಕುತ್ತದಂತೆ. ನಮ್ಮ ಧರ್ಮದಲ್ಲಿ ಸೂತಕವೇ ಇಲ್ಲ, ಹುಟ್ಟಿಗೂ ಇಲ್ಲ, ಸಾವಿಗೂ ಇಲ್ಲ ಎಂದು ಅಪ್ಪ ಕಟ್ಟೆಯ ಮೇಲೆ ಕೂತು ಬಂದ ಹೋದವರಿಗೆಲ್ಲ ಅಭಿಮಾನದಿಂದ ಹೇಳುತ್ತಿದ್ದರು. ಸೂತಕ ಇರಲಿಲ್ಲ ನಿಜ, ಸ್ನಾನ ಮಾತ್ರ ಇತ್ತು.

ಆ ದಿನ ಟಪಾಲಿನವನು ರಜಿಸ್ಟರ್ ಲಕೋಟೆ ತಂದ. ಪಕ್ಕದ ಓಣಿಯ ಮುಸಲ್ಮಾನ, ಏಳು ವರ್ಷ ಕಾಕಾನ ಕಾಗದಗಳನ್ನು ತಂದು ಕೊಟ್ಟವನು.

“ಆಫ್ರಿಕಾದ್ದ ಐತ್ರಿ. ಆದ್ರ ಇದು ಕಾಕಾರ ಅಕ್ಷರಲ್ರಿ,” ಎಂದ.

ಅಪ್ಪ ಕಟ್ಟೆಯಿಂದ ಎದ್ದು ನಿಂತರು. ನಾನು ಬಹುಮಾನದ ಪೆನ್ನಿನಿಂದ ಮುಟ್ಟಿತೆಂಬ ಪಾವತಿಗೆ ಸಹಿ ಮಾಡಿ ಲಕೋಟೆ ಒಡೆದೆ. ಮೇಲಿನ ಕಾಗದದ ಮೊದಲ ಸಾಲು ಓದಿದೆ. ತಮ್ಮ ಸಹೋದರರು ಜ್ವರದಿಂದ ತೀರಿಕೊಂಡರೆಂದು ತಿಳಿಸಲು ವಿಷಾದಿಸುತ್ತೇವೆ. ಎರಡನೆಯ ಸಾಲಿಗೆ ನಾನು ಹೋಗಲೇ ಇಲ್ಲ.

“ಏನಂತ ಬರದಾರ?” ಎಂದು ಅಪ್ಪ ಕೇಳಿದರು.

“ಕಾಕಾ ಹೋದರಂತ.”

ಅಪ್ಪ ಹಾಗೇ ಕಟ್ಟೆಯ ಮೇಲೆ ಕೂತರು. “ಹರದ ಹಾಕು. ಒಳಗ ತರಬ್ಯಾಡ,” ಎಂದರು.

ಹರಿದೆ. ಲಕೋಟೆ ಸಮೇತ ಹರಿದೆ. ಕಟ್ಟು ದಪ್ಪವಾಗಿತ್ತು, ಒಂದೇ ಸಲಕ್ಕೆ ಹರಿಯಲಿಲ್ಲ. ಇಂಗ್ಲಿಷ್ ಕಂಪನಿಯ ಕಾಗದ ಗಟ್ಟಿ ಎಂದುಕೊಂಡು ಹಲ್ಲು ಕಚ್ಚಿ ಮತ್ತೊಮ್ಮೆ ಹರಿದೆ. ಅರ್ಧ ತಾಸಿನ ಭಾಷಣದಲ್ಲಿ ಈ ಪದ್ಧತಿಯೂ ಇತ್ತು, ‘ಅಂಚೆಯ ಮೂಲಕ ಸಾವು ಹರಡುತ್ತದೆಂದು ನಂಬುವ ಮಹಾನುಭಾವರು’ ಎಂದು ನಾನು ಅಂದಾಗ ಚಪ್ಪಾಳೆ ಬಿದ್ದಿತ್ತು. ಚಪ್ಪಾಳೆ ತಟ್ಟಿದವರಲ್ಲಿ ಯಾರಿಗೂ ಅಂದು ಕಾಕಾ ಸತ್ತಿರಲಿಲ್ಲ. ಚೂರುಗಳು ಗಾಳಿಗೆ ಹಾರದಿರಲಿ ಎಂದು ಹಿತ್ತಲ ಕಡೆಯಿಂದ ಬಚ್ಚಲಿಗೆ ಹೋಗಿ, ಹಂಡೆಯ ಕೆಳಗಿನ ಒಲೆಗೆ ಹಾಕಿದೆ. ಒಲೆಯ ಮುಂದೆ ಚಿಗವ್ವ ಕೂತಿದ್ದಳು. ನನ್ನ ಮುಖ ನೋಡಿದಳು, ಉರಿ ನೋಡಿದಳು. ಆ ಉರಿಯಲ್ಲಿ ಕಾದ ನೀರನ್ನೇ ಮೊದಲು ಆಕೆಯ ತಲೆಯ ಮೇಲೆ ಹಾಕಿದರು.

ಮೂರು ತಿಂಗಳ ಮೇಲೆ ಕಾಕಾನ ಶೇಟ ಮುಂಬಯಿಗೆ ಬಂದವನು ಅಪ್ಪನಿಗೆ ಒಂದು ಕಾರ್ಡು ಬರೆದ. ನಿಮ್ಮ ತಮ್ಮ ಬಹಳ ಒಳ್ಳೆಯ ಮನುಷ್ಯ, ಆತ ತನ್ನ ಜೀವದ ಮೇಲೆ ಹೆಂಡತಿಯ ಹೆಸರಿಗೆ ವಿಮೆ ಇಳಿಸಿದ್ದ, ಕಂಪನಿಯವರು ಸಾವಿನ ದಾಖಲೆಯನ್ನೂ ಪಾಲಿಸಿಯನ್ನೂ ನಿಮಗೆ ಕಳಿಸಿದ್ದಾರಲ್ಲ, ತುಂಬಿ ತಿರುಗಿ ಕಳಿಸಿದರೆ ಹಣ ಬರುತ್ತದೆ, ಇನ್ನೂ ಯಾಕೆ ಕಳಿಸಿಲ್ಲ?

ನಾನು ಓದಿ ಮುಗಿಸಿದ ಮೇಲೆ ಅಪ್ಪ ಬಚ್ಚಲ ಕಡೆ ನೋಡಿದರು. ಅವ್ವ ಬಚ್ಚಲ ಕಡೆ ನೋಡಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಗಾದೆ. ನಮ್ಮಲ್ಲಿ ಒಲೆ ಮೊದಲೇ ಚೆನ್ನಾಗಿ ಉರಿದಿತ್ತು.

“ಅಪ್ಪಾ, ನೀವ ಹರದ ಹಾಕಂದ್ರಿ,” ಎಂದೆ.

“ನಾ ಸುದ್ದಿ ಹರದ ಹಾಕಂದೆ. ರೊಕ್ಕ ಹರದ ಹಾಕಂದ್ನೇನು?” ಎಂದರು.

ಸುದ್ದಿ ಊರು ದಾಟಿತು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುವ ಹಾಗೆ, ಕಾಕಾ ಇದ್ದಾಗ ಆತನನ್ನು ನೆನೆಯದವರೆಲ್ಲ ಬಂದು ಆತನ ಗುಣಗಾನ ಮಾಡಿದರು. ವಿಮೆಯ ಮೊತ್ತ ನಮಗೇ ಗೊತ್ತಿರಲಿಲ್ಲ, ಅವರಿಗೆಲ್ಲ ಗೊತ್ತಿತ್ತು. ಸುಳ್ಳ ಎಂಬ ಹಳ್ಳಿಯಿಂದ ದೂರದ ಸಂಬಂಧದ ಮಾವ ಒಬ್ಬರು ಎರಡು ಎತ್ತಿನ ಗಾಡಿ ಕಟ್ಟಿಕೊಂಡೇ ಬಂದರು. ಕಾಕಾ ಆಫ್ರಿಕಾಕ್ಕೆ ಹೋಗುವಾಗ ತಾವು ಸ್ಟೇಷನ್ನಿನವರೆಗೆ ಹೋಗಿ ಬುತ್ತಿ ಕೊಟ್ಟಿದ್ದನ್ನು ಮೂರು ಸಲ ಹೇಳಿದರು. ಬುತ್ತಿಯಲ್ಲಿ ಸೇಂಗಾ ಹೋಳಿಗೆ ಇತ್ತಂತೆ. ಅದಕ್ಕೆ ಏನು ಸಲ್ಲಬೇಕು ಎಂದು ಬಾಯಿ ಬಿಟ್ಟು ಹೇಳದೆ ಎರಡು ದಿನ ಇದ್ದು, ಊಟ ಮಾಡಿ ಹೋದರು.

ಚಿಗವ್ವ ಮಾತ್ರ ನನ್ನನ್ನು ಹಿತ್ತಲಲ್ಲಿ ನಿಲ್ಲಿಸಿ ಒಂದೇ ಮಾತು ಹೇಳಿದಳು.

“ಆ ರೊಕ್ಕ ಬಂದ್ರ ನಾ ಧಾರವಾಡಕ್ಕ ಹೋಗಿ ಟ್ರೇನಿಂಗ್ ಕಾಲೇಜ ಸೇರತೇನಿ. ಸಾಲಿ ಅಕ್ಕೋರ ಆಗತೇನಿ. ಈ ಮನ್ಯಾಗ ಬಾಗಲದ ಹಿಂದ ನಿಂತು ನಿಂತು ಸಾಕಾಗೈತಿ. ನೀ ಹರದೀ, ನೀನ ಕೂಡಸು.”

ಕೂಡಿಸಲು ಕೂತೆ. ಶೇಟನಿಂದ ವಿಳಾಸ ತರಿಸಿಕೊಂಡು ಕಂಪನಿಗೆ ಪತ್ರ ಬರೆದೆ. ತಾವು ಕಳಿಸಿದ ಕಾಗದಗಳನ್ನು ನಾನೇ ಹರಿದು ನೀರೊಲೆಗೆ ಹಾಕಿದೆ ಎಂದು ಇಂಗ್ಲಿಷಿನಲ್ಲಿ ಬರೆಯಲು ಪೆನ್ನು ಏಳಲಿಲ್ಲ. ಸಾಹೇಬರು ನಗುತ್ತಾರೆ, ಇಡೀ ದೇಶಕ್ಕೆ ಅವಮಾನ ಎಂದು ಯೋಚಿಸಿ, ‘ಗೆದ್ದಲು ತಿಂದವು’ ಎಂದು ಬರೆದೆ. ದೇಶದ ಮಾನ ಉಳಿಯಿತು, ಗೆದ್ದಲಿನ ಮಾನ ಹೋಯಿತು.

ಪತ್ರ ಹಡಗಿನಲ್ಲಿ ಹೋಗಿ ಉತ್ತರ ಹಡಗಿನಲ್ಲಿ ಬರಲು ಎರಡು ತಿಂಗಳು. ಉತ್ತರ ಬಂದ ದಿನ ಟಪಾಲಿನವನು ಪದ್ಧತಿ ತಿಳಿದವನಾದ್ದರಿಂದ ಬೀದಿಯಲ್ಲೇ ನಿಂತು, “ಅದ ಕಂಪನೀದ್ರೀ. ಹೊರಗ ಬರ್ರಿ,” ಎಂದ. ಅಪ್ಪ ಹೊರಗೆ ಹೋಗಲಿಲ್ಲ. ಅವನನ್ನೇ ಒಳಗೆ ಕರೆದು ಚಹಾ ಕೊಡಿಸಿದರು. ಲಕೋಟೆಯನ್ನು ಎರಡೂ ಕೈಯಿಂದ ಇಸಿದುಕೊಂಡು ದೇವರ ಜಗಲಿಯ ಮೇಲೆ ಇಟ್ಟು, ವಿಭೂತಿ ಹಚ್ಚಿ, ಹೂ ಏರಿಸಿದರು. ಅಮಾವಾಸ್ಯೆ ಹತ್ತಿರವಿತ್ತು. ಸೋಮವಾರ ಒಡೆಯೋಣ ಎಂದರು. ಸಾವಿನ ಸುದ್ದಿಗೆ ಬೆಂಕಿ, ಅದೇ ಸಾವಿನ ಹಣದ ಸುದ್ದಿಗೆ ಪೂಜೆ. ನಾನು ನಗಬಹುದಿತ್ತು, ಗೆದ್ದಲಿನ ಸುಳ್ಳು ಗಂಟಲಲ್ಲಿದ್ದುದರಿಂದ ನಗಲಿಲ್ಲ.

ಸೋಮವಾರ ಪೂಜೆಯಾದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂತರು. ಚಿಗವ್ವ ಬಾಗಿಲ ಹಿಂದೆ. ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ರಜಿಸ್ಟರಿನ ಪಾವತಿಯಲ್ಲಿ ನಿಮ್ಮ ಸಹಿ ನಮ್ಮಲ್ಲಿದೆ. ಸಾವಿನ ದಾಖಲೆಯ ಎರಡನೆಯ ಪ್ರತಿ ಇಷ್ಟು ಶುಲ್ಕಕ್ಕೆ ಸಿಗುತ್ತದೆ. ಪಾಲಿಸಿಯ ಎರಡನೆಯ ಪ್ರತಿ ಇಷ್ಟಕ್ಕೆ ಸಿಗುತ್ತದೆ. ಕಾಗದಗಳು ಹೇಗೆ ಹಾಳಾದವೆಂದು ಪತ್ನಿಯು ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಬರೆದುಕೊಡತಕ್ಕದ್ದು. ಅಪ್ಪ ಒಂದೊಂದಕ್ಕೂ ತಲೆಯಾಡಿಸುತ್ತಿದ್ದರು. ಆಮೇಲೆ ಕೊನೆಯ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡೆ. ಮೃತರ ಪೆಟ್ಟಿಗೆಯಲ್ಲಿ ಪಾಲಿಸಿಯ ಜೊತೆ ದೊರೆತ, ಅವರ ಪತ್ನಿಗೆಂದು ಅಂಟಿಸಿಟ್ಟಿದ್ದ ಒಂದು ಸಣ್ಣ ಲಕೋಟೆಯನ್ನೂ ನಮ್ಮ ಮೊದಲ ಪತ್ರದ ಜೊತೆಗೆ ಇಟ್ಟಿದ್ದೆವು. ಅದರ ಪ್ರತಿ ನಮ್ಮಲ್ಲಿ ಇಲ್ಲ.

ನನ್ನ ಓದು ನಿಂತಿತು.

“ಮುಂದ ಏನೈತಿ?” ಎಂದರು ಅಪ್ಪ.

“ಮುಂದ ಏನಿಲ್ರಿ. ಇಷ್ಟ,” ಎಂದೆ.

ಏಳು ವರ್ಷ ಎಮ್ಮೆಯನ್ನು ವಿಚಾರಿಸಿದ ಮನುಷ್ಯ ಜ್ವರ ಬಂದಾಗ ಹೆಂಡತಿಗೆ ಏನೋ ಬರೆದಿದ್ದ. ಹುಬ್ಬಳ್ಳಿಗೆ ಕಳಿಸಲು ನಾಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಆ ನಾಚಿಕೆಯನ್ನು ದಾಟಿ, ಸಮುದ್ರವನ್ನು ದಾಟಿ ಅದು ನಮ್ಮ ಕಟ್ಟೆಯವರೆಗೆ ಬಂದಿತ್ತು. ಕಟ್ಟು ದಪ್ಪವಾಗಿದ್ದದ್ದು ಅದಕ್ಕೆ. ನನಗೆ ಆ ಕ್ಷಣ ನನ್ನ ಕೈಗಳ ಮೇಲೆ ಹೇಸಿಗೆ ಬಂತು. ಬಾಗಿಲ ಹಿಂದೆ ಬಳೆಯಿಲ್ಲದ ಕೈಯೊಂದು ಚಿಲಕದ ಮೇಲಿತ್ತು. ಅದನ್ನು ನೋಡದೆ ಪತ್ರ ಮಡಚಿ ಕಿಸೆಗೆ ಹಾಕಿಕೊಂಡೆ.

ಆ ಪತ್ರದ ಜೊತೆ ಬಂದ ಫಾರ್ಮಿನಲ್ಲಿ ಮೊದಲ ಖಾನೆಯಲ್ಲಿಯೇ ತೊಡಕು ಬಂತು. ಪತ್ನಿಯ ಪೂರ್ಣ ಹೆಸರು. ಅಪ್ಪ ಅವ್ವನ ಮುಖ ನೋಡಿದರು. ಅವ್ವ, “ಸಣ್ಣಾಕಿ...” ಎಂದು ನಿಂತಳು. ಹದಿಮೂರು ವರ್ಷ ಕೂಗಿ ಕೂಗಿ ಆಕೆಯ ನಿಜವಾದ ಹೆಸರು ಮನೆಯಿಂದಲೇ ಅಳಿಸಿಹೋಗಿತ್ತು. ಗಂಡನ ಅಣ್ಣನ ಜೊತೆ ಆಕೆ ನೇರವಾಗಿ ಮಾತಾಡುವಂತಿರಲಿಲ್ಲ, ಅಪ್ಪನೂ ಆಕೆಯನ್ನು ಕೇಳುವಂತಿರಲಿಲ್ಲ. ಆದ್ದರಿಂದ ಅಪ್ಪ ಪಡಸಾಲೆಯ ಕಂಬವನ್ನು ಕೇಳಿದರು, “ಹೆಸರ ಏನಂತ?” ಚಿಗವ್ವ ಬಾಗಿಲ ಸಂದಿಯಿಂದ ಕಂಬಕ್ಕೇ ಹೇಳಿದಳು. ನಾನು ಬರೆದುಕೊಂಡೆ.

ಪ್ರಮಾಣಪತ್ರ ಬರೆದುಕೊಡುವ ವಕೀಲರು ಊರಿನ ಕೇಶ್ವಾಪುರ ಭಾಗದಲ್ಲಿದ್ದರು. ಗೆದ್ದಲು ಎಂದ ಕೂಡಲೇ ಅವರ ಮುಖ ಅರಳಿತು.

“ಗೆದ್ದಲ ಛಲೋ. ನೀರು ಅಂದ್ರ ಮಳೀ ಯಾವಾಗಿತ್ತು ಅಂತ ಕೇಳ್ತಾರ. ಇಲಿ ಅಂದ್ರ ಚೂರ ತೋರಸ್ರಿ ಅಂತಾರ. ಗೆದ್ದಲ ಪೂರಾ ತಿಂತಾವು, ಏನೂ ಉಳಸೂದಿಲ್ಲ,” ಎಂದು ತಮ್ಮ ಅನುಭವವನ್ನೆಲ್ಲ ಹಾಕಿ ಪ್ರಮಾಣಪತ್ರ ಬರೆಸಿದರು. ಅದರಲ್ಲಿ ಗೆದ್ದಲು ಈಶಾನ್ಯ ಮೂಲೆಯಿಂದ ಬಂದು, ಪೆಟ್ಟಿಗೆಯ ತಳ ಕೊರೆದು, ವಿಮೆಯ ಕಾಗದ ಮಾತ್ರ ತಿಂದು ಹೋದವು. ಕೆಳಗಿನ ಹಳೆಯ ಸೀರೆಗಳನ್ನು ಮುಟ್ಟಲಿಲ್ಲ. ಓದಿದಾಗ ನನಗೇ ಆ ಗೆದ್ದಲುಗಳ ಬಗ್ಗೆ ಗೌರವ ಬಂತು.

ಕಚೇರಿಯಲ್ಲಿ ಸಾಹೇಬರ ಮುಂದೆ ಚಿಗವ್ವನನ್ನು ನಿಲ್ಲಿಸಿದೆವು. ಸಾಹೇಬರೆಂದರೆ ನಮ್ಮ ಕಡೆಯವರೇ, ಕೋಟು ಮಾತ್ರ ಆ ಕಡೆಯದು. ಪ್ರಮಾಣಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ, “ಖರೇ ಏನವ್ವಾ? ಗೆದ್ದಲ ತಿಂದಾವೇನು?” ಎಂದು ಕೇಳಿದರು.

ಚಿಗವ್ವ ಸೆರಗು ಸರಿಮಾಡಿಕೊಂಡಳು. “ನಮ್ಮ ಮನ್ಯಾಗ ಗೆದ್ದಲ ಇಲ್ರಿ ಸಾಹೇಬ್ರ. ನಾನ ದಿನಾ ನೆಲಾ ಸಾರಸ್ತೇನಿ.”

ವಕೀಲರು ಕೆಮ್ಮಿದರು. ನಾನು ನೆಲ ನೋಡಿದೆ. ಅಲ್ಲಿಯವರೆಗೆ ಆಕೆಗೆ ನಾವು ಏನು ಬರೆಸಿದ್ದೇವೆ ಎಂದು ಹೇಳುವ ಅಗತ್ಯ ನಮಗೆ ಯಾರಿಗೂ ಕಂಡಿರಲಿಲ್ಲ.

“ಹಂಗಾದ್ರ ಕಾಗದ ಏನಾದ್ವು?”

“ಸಾವಿನ ಕಾಗದ ಅಲ್ರಿ? ಹರದು ನೀರೊಲಿಗೆ ಹಾಕಿದ್ರು. ನಾನ ಉರಿ ಹಾಕಾಕತ್ತಿದ್ದೆ. ಗೆದ್ದಲ ಐತಿ ಅಂತ ನಾ ಸಹಿ ಮಾಡೂದಿಲ್ರಿ. ನಾಳೆ ಮಂದಿ ನನ್ನ ಮನಿ ನೋಡಿ ಏನಂದಾರು?”

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಹೋದ ವರ್ಷ ತಮ್ಮ ಅಜ್ಜಿ ತೀರಿಕೊಂಡ ಕಾಗದವನ್ನು ತಾವೂ ಹರಿದದ್ದಾಗಿಯೂ, ಅದರ ಹಿಂಬದಿಯಲ್ಲಿ ತಮ್ಮ ವರ್ಗಾವಣೆಯ ವಿಷಯ ಇತ್ತೆಂದು ಆಮೇಲೆ ತಿಳಿದದ್ದಾಗಿಯೂ ಹೇಳಿದರು. ವಕೀಲರ ಗೆದ್ದಲುಗಳನ್ನು ತಾವೇ ಅಡ್ಡಗೆರೆ ಎಳೆದು ಹೊಡೆದುಹಾಕಿ, ‘ದೇಶದ ಪದ್ಧತಿಯಂತೆ ನಾಶಪಡಿಸಲಾಯಿತು’ ಎಂದು ಇಂಗ್ಲಿಷಿನಲ್ಲಿ ಬರೆದರು. ವಕೀಲರು ಗೆದ್ದಲಿನ ಫೀ ಬಿಡಲಿಲ್ಲ.

ಕಂಪನಿಯವರು ಯಾರೂ ನಗಲಿಲ್ಲ. ಆ ಒಂದು ಸಾಲು ಅವರಿಗೆ ಸಾಕಾಯಿತು. ಮತ್ತೆ ನಾಲ್ಕು ತಿಂಗಳ ಮೇಲೆ ಮುಂಬಯಿ ಬ್ಯಾಂಕಿನಲ್ಲಿ ಹಣ ಕೊಡುವ ಹುಂಡಿಚೀಟಿ ಬಂತು, ಚಿಗವ್ವನ ಹೆಸರಿಗೆ, ಆಕೆಯ ಸಹಿಗೆ ಮಾತ್ರ. ಊರವರ ಬಾಯಲ್ಲಿದ್ದ ಮೊತ್ತದ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಆದರೂ ಎರಡು ವರ್ಷದ ಓದಿಗೆ, ಹಾಸ್ಟೆಲಿಗೆ ಧಾರಾಳವಾಗಿ ಸಾಕು.

ಅಪ್ಪ ಕಂಬದ ಮುಂದೆ ಕೂತು, ಜಿನ್ನಿನಲ್ಲಿ ಪಾಲು ತಗೊಂಡರೆ ಮನೆತನಕ್ಕೆ ಆಧಾರ ಎಂದರು. ಹೆಣ್ಣುಮಗಳು ಈ ವಯಸ್ಸಿನಲ್ಲಿ ಪಾಟಿಚೀಲ ಹಿಡಿದು ಹೋದರೆ ಮಂದಿ ಏನಂದಾರು ಎಂದರು.

ಬಾಗಿಲ ಹಿಂದಿನಿಂದ ಚಿಗವ್ವ ಹೊರಗೆ ಬಂದಳು. ಕಂಬಕ್ಕೇ ಹೇಳಿದಳು, ಆದರೆ ಕಂಬದ ಈ ಕಡೆ ನಿಂತು.

“ಮಂದಿ ಹರದಿದ್ದಕ್ಕೂ ಅಂದ್ರು, ಹರೀಲಿಲ್ಲ ಅಂದ್ರೂ ಅಂತಿದ್ರು. ನಾ ಹೋಗತೇನಿ.”

ಅಪ್ಪ ಕೆಟ್ಟವರಲ್ಲ. ತಮ್ಮನ ಹಣಕ್ಕಿಂತ ತಮ್ಮ ಹೋದದ್ದೇ ಅವರನ್ನು ತಿನ್ನುತ್ತಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಕೊನೆಗೆ, “ಒಂದ ಛಲೋ ಟ್ರಂಕ್ ಕೊಡಸು ಆಕಿಗೆ,” ಎಂದು ನನಗೆ ಹೇಳಿ ಎದ್ದರು.

ಆಕೆಯನ್ನು ಧಾರವಾಡಕ್ಕೆ ಬಿಡಲು ನಾನೇ ಹೋದೆ. ರೈಲಿನಲ್ಲಿ ಗದ್ದಲ ಕಡಿಮೆ ಇತ್ತು. ಹೊಸ ಟ್ರಂಕಿನ ಮೇಲೆ ಕಾಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. ಮುಖದಲ್ಲಿ ಅಂಥ ಕಳೆ ನಾನು ಹಿಂದೆ ಕಂಡಿರಲಿಲ್ಲ. ಉಣಕಲ್ಲ ಸ್ಟೇಷನ್ನು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ಕಿಸೆಯಿಂದ ಕಂಪನಿಯ ಆ ಪತ್ರ ತೆಗೆದು, ನಾನು ನುಂಗಿದ್ದ ಕೊನೆಯ ಸಾಲನ್ನು ಓದಿ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ.

ಆಕೆ ಸ್ವಲ್ಪ ಹೊತ್ತು ನನ್ನ ಕೈಯಲ್ಲಿದ್ದ ಕಾಗದವನ್ನೇ ನೋಡಿದಳು. ಆಮೇಲೆ ನಕ್ಕಳು.

“ಏನ ಬರದಿದ್ದಾರು? ‘ಅಣ್ಣಾರ ಮಾತ ಕೇಳಕೊಂಡ ಇರು’ ಅಂತ ಬರದಿರತಾರ. ಇಲ್ಲಾ, ಎಮ್ಮಿ ಸುದ್ದಿ.”

ನನ್ನ ಎದೆಯ ಭಾರ ಇಳಿಯಿತು. ನಾನೂ ನಕ್ಕೆ. ಗಾಡಿ ಧಾರವಾಡದ ಏರು ಹತ್ತತೊಡಗಿತ್ತು. ಆಕೆ ಹೊರಗೆ ನೋಡುತ್ತಲೇ ಕೇಳಿದಳು.

“ಲಕೋಟಿ ಮ್ಯಾಲೆ ನನ್ನ ಹೆಸರ ಬರದಿದ್ರೇನು?”

ನಾನು ಆ ಸಣ್ಣ ಲಕೋಟೆಯನ್ನು ಕಂಡೇ ಇರಲಿಲ್ಲ. ಕಂಪನಿಯ ಪತ್ರದಲ್ಲಿಯೂ ಪತ್ನಿ ಎಂದಿತ್ತೇ ಹೊರತು ಹೆಸರಿರಲಿಲ್ಲ. ಆದರೆ ಇಷ್ಟೆಲ್ಲ ಸುಟ್ಟವನು ಇದೊಂದನ್ನಾದರೂ ಕೊಡಬೇಕು ಎನ್ನಿಸಿತು.

“ಹೂಂ, ಬರದಿದ್ರು. ಪೂರಾ ಹೆಸರು. ಛಲೋ ಅಕ್ಷರದಾಗ,” ಎಂದೆ.

ಆಕೆಯ ಮುಖ ಕೆಂಪೇರಿತು. ಹದಿನೈದರ ಹುಡುಗಿಯ ಹಾಗೆ ಸೆರಗಿನ ತುದಿಯನ್ನು ಬಾಯಿಗೆ ಹಿಡಿದಳು. ಅದು ಬಹಳ ಹೊತ್ತು ಇರಲಿಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿದಳು.

“ಹಂಗಾದ್ರ ನನ್ನ ಹೆಸರ ಓದಿ ಹರದೀ,” ಎಂದಳು.

ಇಲ್ಲ, ನಾನು ನೋಡಿರಲಿಲ್ಲ, ಈಗ ಹೇಳಿದ್ದು ಸುಳ್ಳು ಎನ್ನಬಹುದಿತ್ತು. ಅಂದರೆ ಆ ಹೆಸರೂ ಹೋಗುತ್ತಿತ್ತು. ಒಂದೇ ಕಾಗದವನ್ನು ಎರಡನೆಯ ಸಲ ಹರಿಯಲು ನನಗೆ ಧೈರ್ಯ ಬರಲಿಲ್ಲ.

ಸ್ಟೇಷನ್ನಿನಲ್ಲಿ ಟ್ರಂಕಿಗೆ ಕೈ ಹಾಕಲು ಹೋದೆ, ಬೇಡವೆಂದು ಕೂಲಿಯನ್ನು ಕರೆದಳು. ಟಾಂಗಾದಲ್ಲಿ ಅದನ್ನು ನಮ್ಮಿಬ್ಬರ ನಡುವೆ ಇಡಿಸಿದಳು. ಕಾಲೇಜಿನಲ್ಲಿ ಕಾರಕೂನ ದಾಖಲೆ ಪುಸ್ತಕ ತೆರೆದು ನನ್ನ ಕಡೆ ನೋಡಿ, “ಹೆಸರ ಹೇಳ್ರಿ,” ಎಂದ. ನಾನು ಬಾಯಿ ತೆರೆಯುವ ಮೊದಲೇ ಚಿಗವ್ವ ಹೇಳಿದಳು. ಕಾರಕೂನ ಮುಂದೆಯೇ ಕೂತಿದ್ದ, ನಾನು ಬಾಗಿಲ ಹತ್ತಿರ ನಿಂತಿದ್ದೆ. ಆಕೆ ಹೇಳಿದ್ದು ಬಾಗಿಲವರೆಗೂ ಕೇಳುವಂತಿತ್ತು.